ಮೆಣಸಿನಕಾಯಿ ಆದ ಮೇಲೆ ಬೆಲ್ಲ

ಪಾರ್ಸಿಪನಿ, ಅಮೆರಿಕ, ಮಾರ್ಚ್ 1974

ಜನನ ನೋಂದಣಿ ಕಚೇರಿಯ ದೊಡ್ಡ ಸಾಹೇಬರೇ,

ನನ್ನ ಮಗಳ ಹೆಸರಿನ ಕೊನೆಗೆ ಯಾರ ಮನೆತನ ಇರಬೇಕೆಂಬ ವಿಷಯದಲ್ಲಿ ತಾವು ನನ್ನ ಹೆಂಡತಿಗೆ ಎದುರು ನಿಂತಿದ್ದೀರಿ. ಅಂಥ ಧೈರ್ಯ ಮದುವೆಯಾದಾಗಿನಿಂದ ನನಗೇ ಬಂದಿಲ್ಲ. ತಮಗೆ ಕನ್ನಡ ಬಾರದು, ಬಲ್ಲೆ. ಆದರೆ ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳೂ ತಮಗೆ ಅರ್ಥವಾಗಲಿಲ್ಲವಲ್ಲ! ಅದಕ್ಕೇ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ನಮ್ಮವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಧಾರವಾಡದ ಕಡೆ ಮನೆತನಕ್ಕೊಂದು ಅಡ್ಡಹೆಸರು. ನಮ್ಮದು ಮೆಣಸಿನಕಾಯಿ. ನನ್ನ ಹೆಂಡತಿ ಶೈಲಮ್ಮನ ತವರಿನದು ಬೆಲ್ಲದ. ಅವಳ ತಂದೆ ಸಿದ್ದರಾಮಪ್ಪನವರಿಗೆ ಇವಳೊಬ್ಬಳೇ ಮಗಳು. ಮದುವೆಯ ದಿನ ಅವರು ನನ್ನ ಕೈ ಹಿಡಿದು, "ಅಳಿಯಂದ್ರ, ಮೊಮ್ಮಕ್ಕಳ ಹೆಸರಿನ ಕಡೀಗೆ ನಮ್ಮ ಅಡ್ಡಹೆಸರು ಇರಲ್ರೀ. ನನ್ನ ಜೋಡಿ ಅದೂ ಮುಗದು ಹೋಗಬಾರದು" ಎಂದಿದ್ದರು. ವರದಕ್ಷಿಣೆ ತಗೊಳ್ಳದ ಅಳಿಯನಿಗೆ ಇದೇನು ಭಾರವೆಂದು ಹೂಂ ಅಂದೆ. ಹಾಗಾಗಿ ಮಗಳಿಗೆ ನಿರುಪಮಾ ಮೆಣಸಿನಕಾಯಿ ಬೆಲ್ಲದ ಎಂದು ಹೆಸರಿಟ್ಟು ತಮ್ಮ ಕಚೇರಿಗೆ ಬಂದೆವು.

ತಮ್ಮ ಗುಮಾಸ್ತ ಟೋನಿ ಒಳ್ಳೆಯ ಮನುಷ್ಯ. "ಸಾರಿ, ಮಿಸ್ಟರ್ ಮೆನಾಸಿ... ಮಿಸ್ಟರ್ ಎಂ. ಫಾದರ್ಸ್ ನೇಮ್ ಗೋಸ್ ಲಾಸ್ಟ್. ದಟ್ಸ್ ದ ಲಾ" ಎಂದ. ತಾಯಿಯ ಹೆಸರನ್ನು ಬೇಕಾದರೆ ನಡುವೆ ಹಾಕಿ, ಹೇಗೂ ಜನ ಅದನ್ನು ಬರೀ 'ಬಿ' ಎಂದು ಬರೆಯುತ್ತಾರೆ, ಏನೂ ತೊಂದರೆಯಿಲ್ಲ ಎಂದು ಸಮಾಧಾನವನ್ನೂ ಹೇಳಿದ.

ಮಗುವನ್ನು ಎತ್ತಿಕೊಂಡಿದ್ದ ಶೈಲಮ್ಮ ನನ್ನತ್ತ ತಿರುಗಿದಳು. "ಏನಂತಾನ್ರೀ ಅಂವಾ? ನಮ್ಮಪ್ಪನ ಮನೆತನ ಒಂದು ಅಕ್ಷರ ಆತೇನು?"

"ಇಲ್ಲೀ ಲಾ ಹಂಗೈತಂತ, ಶೈಲಾ."

"ಹೊತ್ತು ಹೆತ್ತಾಕೀಗೆ ಲಾ ಇಲ್ಲೇನು? ಕೇಳ್ರಿ ಅವನ್ನ!"

ಕೇಳಿದೆ. ಟೋನಿ ತಲೆ ಕೆರೆದುಕೊಂಡು, "ಮೈ ವೈಫ್ ಆಸ್ಕ್ಸ್ ದ ಸೇಮ್ ಥಿಂಗ್" ಎಂದ.

ಸಾಹೇಬರೇ, ಬೆಲ್ಲ ತಿಂದು ಅದರ ಮೇಲೆ ಮೆಣಸಿನಕಾಯಿ ಕಡಿಯುವವರನ್ನು ಎಲ್ಲಾದರೂ ಕಂಡಿದ್ದೀರಾ? ಖಾರ ಹತ್ತಿದ ಮೇಲಲ್ಲವೇ ಬೆಲ್ಲ? 'ಬೆಲ್ಲದ' ಎಂದು ನಿಲ್ಲಿಸಿದರೆ 'ಬೆಲ್ಲದ ಏನು?' ಎಂದು ಯಾರಾದರೂ ಕೇಳಬಹುದು, ನಿಜ. ಅದು ನಮ್ಮ ವ್ಯಾಕರಣದ ಕಷ್ಟ, ತಮ್ಮ ಸರ್ಕಾರದ್ದಲ್ಲ. ತಂದೆ ಯಾರೆಂದು ತಿಳಿಯಲಿ ಎಂದು ಈ ಕಾನೂನೇ? ಹಾಗಾದರೆ ಮಗುವಿನ ಮೂಗು ನೋಡಿ, ಥೇಟ್ ನನ್ನದೇ. ಹೆದ್ದಾರಿಯಲ್ಲಿ ಕಾರು ಓಡಿಸುವವನಿಗೂ ಗುರುತು ಸಿಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಈ ತಿಂಗಳೊಳಗೆ ತಾಯಿಯ ಮನೆತನವನ್ನು ಮಗಳ ಹೆಸರಿನ ಕೊನೆಗೆ ಬರೆದುಕೊಡಿ. ಆಗದಿದ್ದರೆ ನಾನೇ ಕೋರ್ಟಿಗೆ ಹೋಗಿ ಗದಿಗೆಪ್ಪ ಬೆಲ್ಲದ ಆಗುತ್ತೇನೆ. ಆಗ ಮಗಳು ತಂದೆಯ ಹೆಸರನ್ನೇ ಹೊತ್ತು ಬರುತ್ತಾಳೆ. ತಮ್ಮ ಕಾನೂನೂ ಗೆದ್ದಿತು, ನಮ್ಮ ಮಾವನವರೂ ಗೆದ್ದರು. ಈ ಮಾತು ಆಡಿದ ದಿನ ಶೈಲಮ್ಮ ಹೋಳಿಗೆ ಮಾಡಿದಳು. ಇನ್ನು ಉಳಿದವಳು ಊರಲ್ಲಿರುವ ನಮ್ಮವ್ವ ಗುರುಸಿದ್ದಮ್ಮ. "ಹೆಂಡ್ತಿ ಮನಿ ಹೆಸರು ಇಟಗೊಂಡಿಯೇನೋ, ಮೂಳಾ?" ಎಂದು ಆಕೆ ಕೇಳಿದಾಗ ಉತ್ತರ ಕೊಡುವ ಜವಾಬ್ದಾರಿ ಮಾತ್ರ ತಮ್ಮ ಕಚೇರಿಯದು.

ಇಂತಿ,
ಸದ್ಯಕ್ಕಿನ್ನೂ ಮೆಣಸಿನಕಾಯಿಯೇ ಆಗಿರುವ
ಗದಿಗೆಪ್ಪ