ಅಮ್ಮನ ಚಂದ್ರಿಕೆಯ ಅಚ್ಚು

ವರಲಕ್ಷ್ಮಿ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ಧೈರ್ಯವಾಗಿ ಬೈಯುತ್ತಿದ್ದೇನೆ. ಇವತ್ತು ಚಿಕ್ಕಬಳ್ಳಾಪುರದ ಕರಕುಶಲ ಮೇಳದಲ್ಲಿ ನಿನ್ನ ಹೂಜಿಗಳನ್ನು ನೋಡಿದೆ. ಹಸಿ ಜೇಡಿಮಣ್ಣಿಗೆ ಬಿದಿರಿನ ಚಂದ್ರಿಕೆ ಒತ್ತಿ ಮೂಡಿಸಿದ ಸುರುಳಿ ಗೆರೆಗಳು, ಅವುಗಳ ಮೇಲೆ ಹಿಪ್ಪುನೇರಳೆ ಕಡ್ಡಿಯ ಬೂದಿಯಿಂದ ಮಾಡಿದ ಹಸಿರು ಗ್ಲೇಜಿನ ಹೊಳಪು ಲೇಪ. ಪಕ್ಕದ ಬೋರ್ಡಿನಲ್ಲಿ ‘ನಮ್ಮಜ್ಜಿ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುತ್ತಿದ್ದ ಚಂದ್ರಿಕೆಯೇ ಸ್ಫೂರ್ತಿ’ ಎಂದು ಬರೆಸಿದ್ದೀಯ. ಯಾವ ಅಜ್ಜಿಯೇ? ನಿಮ್ಮ ಮನೆಯಲ್ಲಿ ಯಾರು ಹುಳು ಸಾಕಿದ್ದರು? ಅದು ನಮ್ಮಮ್ಮನ ಚಂದ್ರಿಕೆ. ಅಟ್ಟದಿಂದ ಇಳಿಸಿ, ಜೇಡರ ಬಲೆ ಒರೆಸಿ ನಮ್ಮಿಬ್ಬರಿಗೂ ಕೊಟ್ಟವಳು ಅವಳು.

ನಾವಿಬ್ಬರೂ ಜೊತೆಯಾಗಿ ಮಡಕೆ ಮಾಡುತ್ತಿದ್ದಾಗ ನಮ್ಮ ಗ್ಲೇಜು ಪ್ರತಿ ಸಲವೂ ಭಟ್ಟಿಯಲ್ಲಿ ಕರಗಿ ಕೆಳಗೆ ಹರಿದುಬಿಡುತ್ತಿತ್ತು, ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ. “ಈ ಬೂದಿ ಆಟ ನಂಗೆ ಸಾಕು ಕಣೇ ಆಶಾ, ನೀನೇ ಆಡ್ಕೋ” ಎಂದು ಹೇಳಿ ಹೋದವಳು ನೀನು. ಅಮ್ಮ ತೀರಿಕೊಂಡಾಗಲೂ ಬರಲಿಲ್ಲ.

ಹೂಜಿಯ ಮೇಲೆ ಬೆರಳಾಡಿಸಿದೆ. ಪ್ರತಿ ಗೆರೆಯಲ್ಲೂ ಹಸಿರು ತುಂಬಿ ನಿಂತಿತ್ತು, ಒಂದು ಹನಿಯೂ ಜಾರಿರಲಿಲ್ಲ. ಹೇಗೆ ನಿಲ್ಲಿಸಿದೆ? ನಿಂತ ದಿನ ನನಗೊಂದು ಫೋನ್ ಮಾಡಬೇಕು ಅನ್ನಿಸಲಿಲ್ಲವೇನೇ?

ಮಳಿಗೆಯ ಹುಡುಗಿ, “ಅಕ್ಕ ಊಟಕ್ಕೆ ಹೋಗವ್ರೆ, ಈಗ ಬರ್ತಾರೆ, ಕೂತ್ಕೊಳ್ಳಿ ಮೇಡಂ. ಅವರು ನಿಮಗೆ ಗೊತ್ತಾ?” ಎಂದಳು.

“ಗೊತ್ತಿಲ್ಲಮ್ಮ” ಎಂದು ಹೊರಟುಬಂದೆ.

ಮೇಳದ ಎದುರಿನ ಸ್ಟಾಪಿಗೆ ನಾನು ಊರಿಗೆ ಹೋಗಬೇಕಿದ್ದ ಶಿಡ್ಲಘಟ್ಟದ ಬಸ್ಸು ಬಂತು. ಕಂಡಕ್ಟರ್ ಕೂಗಿದರೂ ಹತ್ತಲಿಲ್ಲ. ನೀನು ಊಟ ಮುಗಿಸಿ ಬರುವುದು ಕಾಣುವವರೆಗೂ ಅಲ್ಲೇ ನಿಂತಿದ್ದೆ.