ಹಲ್ಲಿನ ಹಿಂಬದಿ

ಕ್ಲಿನಿಕ್ಕಿನಿಂದ
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯಮ್ಮಾ? ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ತಲೆ ಸುತ್ತುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮ ಎಂದಿನಂತೆ ನನ್ನ ಕನ್ನಡಕ ಹುಡುಕಿಕೊಡುವ ಉದ್ಯೋಗದಲ್ಲಿದ್ದಾಳೆ. ಈ ಪತ್ರವನ್ನು ಮೊದಲು ‘ಡುಮ್ಮೀ’ ಎಂದು ಶುರುಮಾಡಿ, ಆ ಹಾಳೆಯನ್ನು ಹರಿದುಹಾಕಿದೆ. ಇಷ್ಟು ವರ್ಷ ಮುದ್ದಿಗೆಂದು ಕರೆದ ಹೆಸರು. ಇವತ್ತು ಬರೆಯಲು ಕೈ ಬರಲಿಲ್ಲ.

ಬೆಳಿಗ್ಗೆ ನಿನ್ನ ವಯಸ್ಸಿನ ಹುಡುಗಿಯೊಬ್ಬಳು, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಬಂದಳು. ಪುಟ್ಟ ಕನ್ನಡಿ ಹಿಡಿದು ನೋಡಿದರೆ ಮೇಲಿನ ಮುಂದಿನ ಹಲ್ಲುಗಳ ಹಿಂಬದಿ ಸವೆದು ನುಣ್ಣಗಾಗಿತ್ತು. ಬಲಗೈ ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿದ ಕಲೆ. ನಾನು ಯಥಾಪ್ರಕಾರ, “ನಿಂಬೆಹಣ್ಣು ಜಾಸ್ತಿ ತಿಂತೀಯಾ?” ಎಂದೆ. ಅಷ್ಟರಲ್ಲಿ ನಮ್ಮ ನರ್ಸಮ್ಮ ನನ್ನನ್ನು ಹೊರಗೆ ಕರೆದು, “ಡಾಕ್ಟ್ರೇ, ಇದು ನಿಂಬೆಹಣ್ಣಲ್ಲ. ಉಂಡಿದ್ದನ್ನ ಬೆರಳು ಹಾಕಿ ಕಕ್ತಿದಾಳೆ ಮಗು. ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ” ಎಂದರು. ಕೇಳಿದೆ. ಹುಡುಗಿ ಅತ್ತಳು, ಆಮೇಲೆ ಎಲ್ಲ ಹೇಳಿದಳು. ಇಂಥದ್ದನ್ನು ಬಲ್ಲ ವೈದ್ಯೆಯೊಬ್ಬರ ಹತ್ತಿರ ಕಳಿಸಿಕೊಟ್ಟೆ.

ಅವಳು ಹೋದ ಮೇಲೆ ರೋಗಿಗಳ ಕುರ್ಚಿಯಲ್ಲಿ ನಾನೇ ಕೂತೆ. ಕಳೆದ ರಜೆಯಲ್ಲಿ ಇದೇ ಕುರ್ಚಿಯಲ್ಲಿ ನಿನ್ನ ಹಲ್ಲು ನೋಡಿದೆನಲ್ಲ. ಅದೇ ಸವೆತ, ಅದೇ ಜಾಗ. ಊಟವಾದ ಕೂಡಲೇ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದೆ. ನೀರು ಪೋಲು ಮಾಡುತ್ತೀಯೆಂದು ನಾನು ಗೊಣಗುತ್ತಿದ್ದೆ. ಶರಬತ್ತು ಕಡಿಮೆ ಮಾಡು ಎಂದು ಬುದ್ಧಿ ಹೇಳಿ, ಹಲ್ಲಿನ ಬಣ್ಣದ್ದೇ ಸಿಮೆಂಟು ತುಂಬಿ, ಉಜ್ಜಿ ಹೊಳಪು ಕೊಟ್ಟೆ. ಎಂಥ ನಾಜೂಕು ಕೆಲಸವೆಂದರೆ ಈಗ ಬೇರೆ ವೈದ್ಯರು ನೋಡಿದರೂ ಸುಲಭಕ್ಕೆ ಗೊತ್ತಾಗದು. ಊರವರ ಬಾಯಿಗೆಲ್ಲ ಇಣುಕುವವನಿಗೆ ಮನೆಮಗಳ ಸಂಕಟ ಹೊಳೆಯಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ, ಮಗಳೇ. ನಿನ್ನದೇನೂ ತಪ್ಪಿಲ್ಲ.

ಶನಿವಾರ ಬರುತ್ತೇನೆ. ನೀನು ಒಪ್ಪಿದರೆ ಆ ವೈದ್ಯೆಯ ಹತ್ತಿರ ಇಬ್ಬರೂ ಹೋಗೋಣ. ಅಮ್ಮನಿಗೆ ಹೇಳಿಲ್ಲ; ನೀನು ಹೇಳು ಎಂದಾಗ ಹೇಳುತ್ತೇನೆ.

ನಿನ್ನ ಮೈ, ಮನಸ್ಸು ಎರಡೂ ತಣ್ಣಗಿರಲಿ.

ಇಂತು ನಿನ್ನ
ಅಪ್ಪ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಹೊಳೆಯಲಿಲ್ಲ ಎಂದದ್ದು ಸುಳ್ಳು. ಆವತ್ತೇ ಹೊಳೆದಿತ್ತು. ನೀನು “ಅಪ್ಪಾ, ಶರಬತ್ತಿಂದ ಅಲ್ಲ…” ಎಂದು ಶುರುಮಾಡಿದೆ. ಮುಂದಿನದನ್ನು ಕೇಳಲು ಹೆದರಿ ನಿನ್ನ ಬಾಯಿಗೆ ಹತ್ತಿ ಇಟ್ಟೆ.