ಮೂವತ್ತಕ್ಕೆ ಇಪ್ಪತ್ತೆಂಟು

ಗುಂಡ್ಲುಪೇಟೆ
೧೪ ನವೆಂಬರ್ ೨೦೨೪

ಪ್ರೀತಿಯ ತಂಗಿ ಪುಟ್ಟಿಗೆ,

ಈ ಮೂಲಕ ಸಮಸ್ತ ಚಾಮರಾಜನಗರ ಜಿಲ್ಲೆಗೆ ತಿಳಿಯಪಡಿಸುವುದೇನೆಂದರೆ, ನಿನ್ನ ಭಾವ ಶ್ರೀಮಾನ್ ನೀಲಕಂಠಸ್ವಾಮಿಯವರು ಚೌಕ, ತ್ರಿಕೋನ ಹಾಗೂ ಚುಕ್ಕಿಗಳ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೆಂಟು ಪಡೆದು ತೇರ್ಗಡೆಯಾಗಿದ್ದಾರೆ. ಹದಿನೈದು ದಿನ ತಡವಾಗಿ ಬರೆದೆನೆಂದು ಕೋಪ ಬೇಡ. ಗೆದ್ದವರ ಹೆಂಡತಿಗೆ ಪುರುಸೊತ್ತು ಕಡಿಮೆ.

ಏಪ್ರಿಲಿನಲ್ಲಿ ಇವರಿಗೆ ಮರೆವು ಹೆಚ್ಚಾಯಿತೆಂದು ನೀನೇ ನಿಮ್ಮೂರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆಯಲ್ಲ. ಸಾಲಾಗಿ ಚಿತ್ರ ತೋರಿಸಿ, ಕೊನೆಯ ಖಾಲಿ ಚೌಕಕ್ಕೆ ಯಾವುದು ಬರುತ್ತದೆ ಎಂದು ಕೇಳಿದರು. ಮೂವತ್ತಕ್ಕೆ ಬಂದದ್ದು ಹನ್ನೊಂದು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ ಮಾತ್ರೆ, ಸ್ಕ್ಯಾನಿಂಗ್ ಶುರು ಮಾಡೋಣ ಎಂದರು. ಮೂವತ್ತು ವರ್ಷ ಊರ ಮಕ್ಕಳನ್ನೆಲ್ಲ ಫೇಲು ಮಾಡಿದ ಮೇಷ್ಟ್ರು ಎರಡು ದಿನ ಊಟ ಬಿಟ್ಟರು. ಆ ಮುಖ ನೋಡಲಾರದೆ ನಾನು ಮನೆಯಲ್ಲೇ ಟ್ಯೂಷನ್ ತೆರೆದೆ. ಮೊಮ್ಮಗಳು ಶಿವಾನಿಯ ಪ್ರವೇಶ ಪರೀಕ್ಷೆಯ ಪುಸ್ತಕದಲ್ಲಿ ಅಂಥವೇ ಚಿತ್ರಗಳಿದ್ದವು. ಅವಳೇ ಮೇಡಂ, ಕೈಯಲ್ಲಿ ಸ್ಕೇಲು.

"ಬಾಣ ತಿರುಗ್ತು, ಚುಕ್ಕಿ ಒಂದ್ ಜಾಸ್ತಿ ಆಯ್ತು. ಈಗ ಏನ್ ಬತ್ತದೆ ತಾತ?"

"ಸುಮ್ನಿರಮ್ಮಿ. ಮೂರ್ನೇದು ಕಣಮ್ಮಿ."

"ನೆನ್ನೆನೂ ಅದ್ನೇ ಹೇಳಿ ತಪ್ ಮಾಡ್ಬುಟ್ಟೆ."

ಆರು ತಿಂಗಳಲ್ಲಿ ಇವರು ನಿದ್ದೆಯಲ್ಲೂ ಬಾಣ ತಿರುಗಿಸುವಂತಾದರು. ನೀನು ಊರಲ್ಲಿಲ್ಲದಾಗ ಹೋಗಿ ಮತ್ತೆ ಪರೀಕ್ಷೆಗೆ ಕೂತೆವು. ಡಾಕ್ಟರು ಬೆನ್ನು ತಟ್ಟಿ, "ಮೇಷ್ಟ್ರೆ, ನನಗಿಂತ ಚುರುಕಾಗಿದ್ದೀರಿ. ಮಾತ್ರೆ ಬೇಡ, ಸ್ಕ್ಯಾನಿಂಗೂ ಬೇಡ, ಮುಂದಿನ ವರ್ಷ ಬನ್ನಿ" ಎಂದರು. ಬಸ್ಸು ತೆರಕಣಾಂಬಿ ದಾಟುವವರೆಗೂ ಇವರು ನನ್ನ ಕೈ ಬಿಡಲಿಲ್ಲ. "ಪಾಸ್ ಮಾಡುಸ್ಬುಟ್ಟೆ ಕಣೆ" ಎಂದರು. ಮದುವೆಯಾಗಿ ನಲವತ್ತು ವರ್ಷಕ್ಕೆ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ. ನೀನೂ ಮಕ್ಕಳೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ ಅಕ್ಕ,
ನಾಗಲಕ್ಷ್ಮಿ

ತಾ.ಕ.: ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ. ಭಾನುವಾರ ಪೂಜೆಗೆ ಹೂವು ತರಲು ಹೋದವರು ನಮ್ಮ ಬಾಗಿಲಿಗೇ ಬಂದು ನಿಂತು, "ಅಮ್ಮ, ನೀಲಕಂಠಸ್ವಾಮಿ ಮೇಷ್ಟ್ರ ಮನೆ ಯಾವ್ದು?" ಎಂದು ನನ್ನನ್ನೇ ಕೇಳಿದರು. ಇದೇ, ಬನ್ನಿ ಎಂದೆ. ಒಳಗೆ ಬಂದು ಕಾಫಿ ಕುಡಿದು, ಶಿವಾನಿಯ ಪುಸ್ತಕದಲ್ಲಿ ಹತ್ತಕ್ಕೆ ಹತ್ತು ಸರಿ ಮಾಡಿದರು. ಪಾಸು ಮಾಡಿಸುವ ಸಂಭ್ರಮದಲ್ಲಿ ನಾನು ಇವರ ಔಷಧಿಯನ್ನೇ ತಪ್ಪಿಸಿದೆ, ಪುಟ್ಟಿ. ಬರುವ ಗುರುವಾರಕ್ಕೆ ಆ ಡಾಕ್ಟರ ಹತ್ತಿರ ಒಂದು ಚೀಟಿ ಮಾಡಿಸಿಡು. ಅಕ್ಕ ಕಾಪಿ ಹೊಡೆಸಿದ್ದಾಳೆ, ಈ ಸಲ ಪ್ರಶ್ನೆಪತ್ರಿಕೆ ಬದಲಾಯಿಸಿ ಎಂದು ನಾವು ಬರುವ ಮೊದಲೇ ಅವರ ಕಿವಿಗೆ ಹಾಕಿರು.